ಹಿಂಬಾಗಿಲಿಲ್ಲದ ಬೀದಿ

ತಂಗಿಯ ಮನೆಗೆ ಬೀಗ ಬಿದ್ದಿತ್ತು. ಕೆಲಸದಿಂದ ಇನ್ನೂ ಬಂದಿಲ್ಲವೇನೋ ಎಂದುಕೊಂಡು ಮೆಟ್ಟಿಲ ಮೇಲೆ ಕೂರಲು ಹೋದ ಅಕ್ಕ, ಕಿಟಕಿಗೆ ಪರದೆಯಿಲ್ಲದ್ದನ್ನು ಕಂಡು ಮತ್ತೆ ಎದ್ದು ನಿಂತಳು. ಗಾಜಿಗೆ ಹಣೆಯೊತ್ತಿ ನೋಡಿದರೆ ಒಳಗೆ ಬರೀ ನೆಲ. ಮಂಚವಿಲ್ಲ, ಮೇಜಿಲ್ಲ, ಗೋಡೆಗೆ ಒರಗಿಸಿಡುತ್ತಿದ್ದ ಸೈಕಲ್ಲೂ ಇಲ್ಲ. ಮೊನ್ನೆಯಷ್ಟೇ ಫೋನಿನಲ್ಲಿ ಮಾತಾಡಿದ್ದರು. ‘ಊಟ ಆಯ್ತೇನೇ’ ಎಂದು ಕೇಳಿದ್ದಕ್ಕೆ ‘ಆಯ್ತಕ್ಕ, ಪಾತ್ರೆ ತೊಳೀತಾ ಇದ್ದೀನಿ’ ಎಂದಿದ್ದಳು. ಯಾವ ಮನೆಯ ಪಾತ್ರೆ?

“ಬಂದ್ರಾ ಮೇಡಂ?” ಎದುರಿನ ಅಂಗಡಿಯಿಂದ ದರ್ಜಿ ಕೂಗಿದ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. “ತಂಗಿಯವರು ಏನಾದ್ರೂ ಬಿಟ್ಟು ಹೋಗಿದ್ರಾ? ತಗೊಂಡು ಹೋಗೋಕೆ ಬಂದ್ರಾ?”

“ಎಲ್ಲಿಗೆ ಹೋದ್ಲು?”

ದರ್ಜಿಯ ಮುಖದ ಬಣ್ಣ ಬದಲಾಯಿತು. “ಅಂದ್ರೆ... ನಿಮಗೇ ಗೊತ್ತಿಲ್ವಾ? ಮನೆ ಖಾಲಿ ಮಾಡಿ ತಿಂಗಳ ಮೇಲಾಯ್ತಲ್ಲ. ನಾವೆಲ್ಲ ನೀವೇ ಕರ್ಕೊಂಡು ಹೋದ್ರಿ ಅಂದ್ಕೊಂಡಿದ್ವಿ.”

ಅಕ್ಕ ತಿರುಗಿ ಬೀಗವನ್ನು ನೋಡಿದಳು. ಈ ಬೀದಿಯಲ್ಲಿ ಇಂಥದ್ದೊಂದು ನಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಏಕೆಂದರೆ ಈ ಬೀದಿಯನ್ನು ಮಾಡಿದವಳೇ ಅವಳು.

ಬೇರೆಯವರು ಮನೆಯ ನಕ್ಷೆ ಬರೆಯುತ್ತಾರೆ. ಅಕ್ಕ ಬರೆಯುತ್ತಿದ್ದದ್ದು ಮನೆ ಮನೆಗಳ ನಡುವಿನ ಜಾಗದ ನಕ್ಷೆ. ಓಡಾಡುವ ದಾರಿ ಎಷ್ಟಗಲ ಇರಬೇಕು, ನೆರಳು ಎಲ್ಲಿ ಬೀಳಬೇಕು, ಮುದುಕರಿಗೆ ದಣಿವಾಗುವ ಹೊತ್ತಿಗೆ ಸರಿಯಾಗಿ ಬೆಂಚು ಎಲ್ಲಿ ಸಿಗಬೇಕು, ಇದೇ ಅವಳ ಹಗಲಿರುಳಿನ ಚಿಂತೆ. ಅದಕ್ಕೊಂದು ಹಿನ್ನೆಲೆಯೂ ಇತ್ತು. ಅಕ್ಕ ತಂಗಿ ಬೆಳೆದದ್ದು ಅಂತಸ್ತಿನ ಮೇಲೆ ಅಂತಸ್ತು ಪೇರಿಸಿದ ಒಂದು ಕಟ್ಟಡದಲ್ಲಿ. ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ, ಹುಡುಗಿಯಾಗಿದ್ದ ಅಕ್ಕ ಆ ಸಾಲಿನ ಬಾಗಿಲುಗಳನ್ನೆಲ್ಲ ಬಡಿದಿದ್ದಳು. ಒಳಗೆ ರೇಡಿಯೋ ಹಾಡುತ್ತಿತ್ತು, ಮಿಕ್ಸಿ ತಿರುಗುತ್ತಿತ್ತು, ಒಂದು ಬಾಗಿಲೂ ತೆರೆಯಲಿಲ್ಲ. ಅಮ್ಮ ಉಳಿದುಕೊಂಡಳು. ಆದರೆ ಎಡಗೈ ಮತ್ತೆ ಮೇಲೇಳಲಿಲ್ಲ. ಆ ಮುಚ್ಚಿದ ಬಾಗಿಲುಗಳ ಮೇಲಿನ ಸಿಟ್ಟನ್ನೇ ಅಕ್ಕ ಕಸುಬು ಮಾಡಿಕೊಂಡಳು ಎಂದರೆ ತಪ್ಪಾಗಲಾರದು.

ಹಳೆಯ ನೂಲಿನ ಗಿರಣಿಯ ಜಾಗ ಬಡಾವಣೆಗೆಂದು ಬಂದಾಗ ಅವಳು ಹಟ ಹಿಡಿದು ತನ್ನ ಮನಸ್ಸಿನಂತೆಯೇ ಮಾಡಿಸಿದಳು. ಕಾರು ಸ್ಕೂಟರುಗಳೆಲ್ಲ ಹೊರಗಿನ ಬಯಲಿನಲ್ಲಿ ನಿಲ್ಲಬೇಕು. ಒಳಗೆ ಕಾಲಿಗಷ್ಟೇ ದಾರಿ. ಮನೆಗಳೆಲ್ಲ ಒಂದಕ್ಕೊಂದು ಮುಖ ಮಾಡಿ ನಿಲ್ಲಬೇಕು, ಕಾಂಪೌಂಡ್ ಗೋಡೆ ಸೊಂಟಕ್ಕಿಂತ ಎತ್ತರ ಇರಬಾರದು, ಅಡುಗೆಮನೆಯ ಕಿಟಕಿ ಬೀದಿಗೇ ತೆರೆಯಬೇಕು. ಹಾಲು, ತರಕಾರಿ, ಔಷಧಿ, ದರ್ಜಿ, ಕ್ಷೌರದಂಗಡಿ ಎಲ್ಲವೂ ಚಪ್ಪಲಿ ಮೆಟ್ಟಿ ಹೋಗಿ ಬರುವಷ್ಟು ಹತ್ತಿರ. ಮನೆಗಳ ಬೆನ್ನಿಗೆ ಚರಂಡಿ ಪೈಪು ಹೋಗುವ ಒಂದು ಓಣಿಯಿತ್ತು. ಅಲ್ಲಿಗೂ ಬಾಗಿಲು ಇಡೋಣವೇ ಎಂದು ಗುತ್ತಿಗೆದಾರ ಕೇಳಿದ್ದ. ಬೇಡ, ಎರಡು ದಾರಿ ಕೊಟ್ಟರೆ ಜನ ಹಂಚಿಹೋಗುತ್ತಾರೆ, ಒಂದೇ ದಾರಿ ಇದ್ದರೆ ದಿನಕ್ಕೊಮ್ಮೆಯಾದರೂ ಮುಖ ಮುಖ ನೋಡುತ್ತಾರೆ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿ, ಓಣಿಯ ಎರಡೂ ತುದಿಗೆ ಗೇಟು ಹಾಕಿಸಿದ್ದಳು.

ಬೀದಿ ಅವಳು ಎಣಿಸಿದಂತೆಯೇ ತುಂಬಿಕೊಂಡಿತು. ಸಂಜೆಯಾದರೆ ಬೆಂಚುಗಳಲ್ಲಿ ಜಾಗವಿರುತ್ತಿರಲಿಲ್ಲ. ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಇಡೀ ಬೀದಿ ಮೂಗು ಮುಚ್ಚಿಕೊಂಡು ನಗುತ್ತಿತ್ತು. ದೂರದೂರದ ಎಂಜಿನಿಯರುಗಳು ಕ್ಯಾಮೆರಾ ಹಿಡಿದು ನೋಡಲು ಬಂದರು. ತಂಗಿಯ ಗಂಡ ಅವಳನ್ನು ಬಿಟ್ಟು ಹೋದಾಗ, ಅಕ್ಕ ಎರಡನೆಯ ಯೋಚನೆಯನ್ನೇ ಮಾಡದೆ ಅವಳನ್ನು ಇಲ್ಲಿಗೆ ತಂದಿರಿಸಿದಳು. “ಇಲ್ಲಿ ಒಬ್ಳೇ ಅನ್ನೋ ಮಾತೇ ಇಲ್ಲ ನೋಡು,” ಎಂದಿದ್ದಳು. ಆಮೇಲೆ ದೂರದೂರಿನ ಬಸ್ ನಿಲ್ದಾಣವೊಂದರ ಕೆಲಸ ಬಂತು. ಹಲವು ತಿಂಗಳು ಅಲ್ಲೇ ಇದ್ದು, ಈಗ ಮರಳಿದವಳು ನೇರವಾಗಿ ಇಲ್ಲಿಗೇ ಬಂದಿದ್ದಳು.

ದರ್ಜಿಯ ಕೂಗಿಗೆ ಜನ ಸೇರಿದರು. ಮೊದಲು ಬಂದದ್ದು ಇಡೀ ಬೀದಿಗೇ ದೊಡ್ಡಮ್ಮನಾದವಳು. ಬೆಳಗಾದರೆ ತನ್ನ ಬಾಗಿಲೆದುರಿನ ಕಲ್ಲುಬೆಂಚಿನ ಮೇಲೆ ಕೂತು, ಹೋಗುವವರು ಬರುವವರನ್ನೆಲ್ಲ ಮಾತಾಡಿಸದೆ ಬಿಡದ ಹೆಂಗಸು. ಅವಳ ಹಿಂದೆ ಮೀಟಿಂಗ್ ಮಾವ. ಸರ್ಕಾರಿ ಕಚೇರಿಯಿಂದ ನಿವೃತ್ತನಾದ ಮೇಲೂ ಆತನಿಗೆ ಸಭೆ ಸೇರಿಸದಿದ್ದರೆ ಅನ್ನ ಜೀರ್ಣವಾಗುತ್ತಿರಲಿಲ್ಲ. ಬೀದಿದೀಪ ಕೆಟ್ಟರೂ ಮೀಟಿಂಗ್, ರಿಪೇರಿಯಾದರೂ ಮೀಟಿಂಗ್.

“ಪಾಪ, ತುಂಬ ಸೊರಗಿದ್ಲು,” ಎಂದಳು ದೊಡ್ಡಮ್ಮ. “ಬೆಳಿಗ್ಗೆ ಏನೂ ತಿನ್ನದೆ ಓಡ್ತಿದ್ಲು. ಅಡುಗೆಮನೆ ದೀಪವೇ ಹತ್ತುತ್ತಿರಲಿಲ್ಲ.”

“ನೀಲಿ ಸೀರೆಗೆ ರವಿಕೆ ಕೊಟ್ಟಿದ್ರು, ಹಳೇ ಅಳತೆಗಿಂತ ಎರಡು ಬೆರಳು ಒಳಗೆ ಹಿಡೀಬೇಕಾಯ್ತು,” ಎಂದ ದರ್ಜಿ.

“ವಾರಕ್ಕೊಂದು ಸಲ ಅಳ್ತಿದ್ರು,” ಎಂದು ಪಕ್ಕದ ಮನೆಯ ಹೆಂಗಸು ದನಿ ತಗ್ಗಿಸಿದಳು. “ಭಾನುವಾರ.”

ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತಂಗಿಯ ವಿಷಯ ಇವರಿಗೆ ತಿಳಿಯದ್ದು ಏನೂ ಇರಲಿಲ್ಲ, ಅವಳು ಎಲ್ಲಿದ್ದಾಳೆ ಎಂಬುದೊಂದನ್ನು ಬಿಟ್ಟು.

“ನಾವು ಸುಮ್ನೆ ಕೂತಿರಲಿಲ್ಲಮ್ಮ,” ಮೀಟಿಂಗ್ ಮಾವ ಗಂಟಲು ಸರಿಮಾಡಿಕೊಂಡ. “ಹೆಣ್ಣುಮಗಳ ಬಾಳು ಹಾಳಾಗಬಾರದು ಅಂತ ಸಭೆ ಸೇರಿಸಿ ಮಾತಾಡಿದ್ವಿ. ನಾಲ್ಕು ಜನ ಅವಳ ಗಂಡನ ಆಫೀಸಿಗೇ ಹೋಗಿ ಬುದ್ಧಿ ಹೇಳಿ ಬಂದ್ವಿ. ಅವನೂ ಒಪ್ಕೊಂಡು ಬಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.”

“ಅವಳ ಗಂಡನ ಆಫೀಸಿಗೆ ಹೋಗಿದ್ರಾ?” ಅಕ್ಕನ ದನಿ ಅವಳಿಗೇ ಬೇರೆ ಯಾರದ್ದೋ ಎನಿಸಿತು. “ಅವಳನ್ನ ಕೇಳಿ ಹೋದ್ರಾ?”

“ಇದರಲ್ಲಿ ಕೇಳೋದೇನಮ್ಮ? ಮನೆ ಮಗಳಿದ್ದ ಹಾಗೆ.”

ಆ ಮಾತಿನಲ್ಲಿ ಎಳ್ಳಷ್ಟೂ ಕೇಡಿರಲಿಲ್ಲ. ಅಕ್ಕನಿಗೆ ಭಯವಾದದ್ದು ಅದಕ್ಕೇ.

ಬೀದಿಯ ಹೊರಗೆ ಬಂದು, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆ ತಂಗಿಗೆ ಫೋನ್ ಮಾಡಿದಳು. “ಬೀಗ ನೋಡಿದೆ,” ಎಂದಳು. ತಂಗಿ ವಿಳಾಸ ಹೇಳಿದಳು. “ಒಬ್ಳೇ ಬಾ,” ಎಂದೂ ಸೇರಿಸಿದಳು.

ಆ ವಿಳಾಸಕ್ಕೆ ತಲುಪಿದಾಗ ಅಕ್ಕನಿಗೆ ಇನ್ನೊಂದು ಪೆಟ್ಟು ಬಿದ್ದಂತಾಯಿತು. ಹೆದ್ದಾರಿಯ ಅಂಚಿಗೆ ಒಂಟಿಯಾಗಿ ನಿಂತ ಕಟ್ಟಡ. ಕೆಳಗೆ ಟೈರಿನ ಗೋದಾಮು. ಫುಟ್‌ಪಾತ್ ಎನ್ನುವುದಿಲ್ಲ, ಗೇಟು ದಾಟಿದರೆ ಲಾರಿಗಳ ಗಾಳಿ ಮೈಗೆ ಹೊಡೆಯುತ್ತಿತ್ತು. ಮೆಟ್ಟಿಲಿನ ಗೋಡೆಗೆ ಹೊಗೆಯ ಮಸಿ. ಎರಡೂ ಕಡೆ ಮುಚ್ಚಿದ ಬಾಗಿಲುಗಳ ಸಾಲು. ಅಕ್ಕ ಜೀವಮಾನವಿಡೀ ಯಾವುದರ ವಿರುದ್ಧ ಗೆರೆ ಎಳೆದಳೋ ಅದೆಲ್ಲವೂ ಅಲ್ಲಿ ಒಂದೇ ಕಡೆ ಇತ್ತು. ಮೇಲಿನ ಅಂತಸ್ತಿನಲ್ಲಿ ಬಾಗಿಲು ತೆರೆದ ತಂಗಿಯ ಮೈಯಲ್ಲಿ ಮಾತ್ರ ಒಂದಿಷ್ಟು ಮಾಂಸ ಹತ್ತಿತ್ತು, ಮುಖದಲ್ಲಿ ಕಳೆಯಿತ್ತು.

“ಯಾಕೇ ಹೇಳಲಿಲ್ಲ?” ಎಂದಳು ಅಕ್ಕ, ನಿಂತಲ್ಲೇ.

“ಏನಂತ ಹೇಳ್ಲಿ? ನೀನು ಹಟ ಹಿಡಿದು ಮಾಡಿಸಿದ ಬೀದಿ. ಅದು ನನಗೆ ಉಸಿರು ಕಟ್ಟಿಸುತ್ತೆ ಅನ್ಲಾ?” ತಂಗಿ ಕುರ್ಚಿ ಎಳೆದು ಕೊಟ್ಟಳು. “ಅಲ್ಲಿ ಯಾರೂ ಕೆಟ್ಟವರಲ್ಲ ಅಕ್ಕ. ಕಷ್ಟ ಇರೋದೇ ಅದರಲ್ಲಿ. ಕೆಟ್ಟವರಾಗಿದ್ರೆ ಬೈದು ಬಾಗಿಲು ಹಾಕ್ಕೋಬಹುದಿತ್ತು. ಬೆಳಿಗ್ಗೆ ಹೊರಟ್ರೆ ದೊಡ್ಡಮ್ಮ ‘ನಿದ್ದೆ ಬಂತಾ’ ಅಂತಾರೆ. ಅವರಿಗೆ ಹೇಳಿ ಮುಗಿಸೋ ಹೊತ್ತಿಗೆ ದರ್ಜಿ, ಆಮೇಲೆ ಔಷಧಿ ಅಂಗಡಿಯವನು. ‘ಯಜಮಾನ್ರಿಂದ ಏನಾದ್ರೂ ಸುದ್ದಿ ಬಂತಾ?’ ಅಂತಾರೆ. ಒಂದೇ ಗಾಯನ ದಿನಾ ಎಲ್ಲರಿಗೂ ಬಟ್ಟೆ ಬಿಚ್ಚಿ ತೋರಿಸಿದ ಹಾಗೆ. ಒಂದು ದಿನ ಮಾತಾಡದೆ ಹೋದ್ರೆ, ಸಂಜೆಗೆ ‘ಹುಷಾರಿಲ್ವಾ’ ಅಂತ ಮನೆಗೇ ಬರ್ತಾರೆ.”

“ಅವರು ನಿನ್ನ ಗಂಡನ ಹತ್ರ ಹೋಗಿದ್ರಂತೆ.”

ತಂಗಿ ಎದುರಿಗೆ ಕೂತಳು. “ಅವತ್ತು ಸಂಜೆ ಬಾಗಿಲು ತೆಗೆದ್ರೆ ಅವನು ನಿಂತಿದ್ದ. ಅವನ ಹಿಂದೆ ಇಡೀ ಬೀದಿ ನಿಂತಿತ್ತು. ಬೆಂಚಿನ ಮೇಲೆ, ಕಾಂಪೌಂಡ್ ಮೇಲೆ, ಅಡುಗೆಮನೆ ಕಿಟಕಿಗಳಲ್ಲಿ. ಯಾರೋ ಅವನಿಗೆ ಕೂರೋಕೆ ಕುರ್ಚಿ ತಂದು ಹಾಕಿದ್ರು. ಎಲ್ಲರ ಮುಖದಲ್ಲೂ ಸಂತೋಷ. ನಾನು ಏನು ಹೇಳ್ತೀನಿ ಅಂತ ಕಾಯ್ತಾ ಇದ್ರು.” ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು. “ಒಳಗೆ ಓಡಿದೆ. ಹಿಂದೆ ಬಾಗಿಲಿದೆಯಾ ಅಂತ ಹುಡುಕಿದೆ. ಇಲ್ಲ ಅಂತ ಗೊತ್ತು, ನಾನೇ ಇರೋ ಮನೆ. ಆದ್ರೂ ಹುಡುಕಿದೆ. ಬಚ್ಚಲುಮನೇಲಿ ಚಿಲಕ ಹಾಕ್ಕೊಂಡು ಕೂತೆ. ಹೊರಗೆ ಮೀಟಿಂಗ್ ಮಾವ ‘ನಾಚ್ಕೋತಾಳೆ’ ಅಂದದ್ದು ಕೇಳಿಸ್ತು. ಎಲ್ಲರೂ ನಕ್ಕರು.”

ಮುಚ್ಚಿದ ಬಾಗಿಲುಗಳ ಎದುರು ನಿಂತು ಕೂಗುವ ಭಯವೊಂದನ್ನೇ ಅಕ್ಕ ಅರಿತಿದ್ದಳು. ತೆರೆದ ಬಾಗಿಲಿನ ಒಳಗೆ ಸಿಕ್ಕಿಬಿದ್ದವಳ ಭಯ ಹೇಗಿರುತ್ತದೆ ಎಂದು ಅವಳ ಕನಸಿಗೂ ಬಂದಿರಲಿಲ್ಲ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ,” ಎಂದಳು ತಂಗಿ. “ಅಷ್ಟು ಒಳ್ಳೇ ಬೀದಿ ಮಾಡಿದೀಯ. ನೀನು ಯಾಕೆ ಅಲ್ಲಿ ಮನೆ ಮಾಡ್ಲಿಲ್ಲ?”

ಆಫೀಸಿಗೆ ದೂರ ಎನ್ನಲು ಅಕ್ಕ ಬಾಯಿ ತೆರೆದಳು. ದೂರವಿರಲಿಲ್ಲ.

ಹಾಲು ತರಲೆಂದು ಇಬ್ಬರೂ ಕೆಳಗಿಳಿದರು. ಅಂಗಡಿ ಹೆದ್ದಾರಿಯ ಆಚೆ ಬದಿಗಿತ್ತು. ಲಾರಿಗಳ ನಡುವೆ ಸಂದು ಸಿಗಲೆಂದು ತಂಗಿ ಕಾಯುತ್ತಿದ್ದ ರೀತಿ, ಒಂದು ಕಾಲು ಮುಂದೆ, ಕೊರಳು ಒಂದು ಕಡೆಗೆ, ಮೈಯೆಲ್ಲ ಬಿಗಿಹಿಡಿದ ರೀತಿ ನೋಡಿ ಅಕ್ಕ ಅವಳಿಗೆ ಒತ್ತಿಕೊಂಡು ನಿಂತಳು. ನಡುದಾರಿಯಲ್ಲಿ ಟ್ಯಾಂಕರೊಂದು ಹಾರನ್ ಒತ್ತಿಕೊಂಡು ಬಂತು. ತಂಗಿ ಅಕ್ಕನ ರಟ್ಟೆ ಹಿಡಿದೆಳೆದಳು. ಗಾಳಿಯ ರಭಸಕ್ಕೆ ಇಬ್ಬರ ಸೆರಗೂ ಒಂದೇ ಕಡೆಗೆ ಹಾರಿತು. ಆಚೆ ದಡ ಸೇರಿದ ಮೇಲೆ ಅಕ್ಕ ತಿರುಗಿ ರಸ್ತೆಯನ್ನು ನೋಡಿದಳು.

“ದಿನಾ ಹೀಗೇನಾ?”

“ಎರಡು ದಿನಕ್ಕೊಂದ್ಸಲ. ಕೆಲವು ಸಲ ಹಾಲೇ ಬೇಡ ಅಂತ ಸುಮ್ನಾಗ್ತೀನಿ.” ತಂಗಿ ನಕ್ಕಳು. “ಆದ್ರೆ ಅಂಗಡಿಯವನು ನನ್ನ ಮುಖ ನೋಡಲ್ಲ ಅಕ್ಕ. ಚಿಲ್ಲರೆ ಕೊಡ್ತಾನೆ, ಅಷ್ಟೇ. ಅದಕ್ಕೋಸ್ಕರ ಬರ್ತೀನಿ.”

ಒಂದು ಬಗೆಯ ನೆಮ್ಮದಿಗಾಗಿ ತಂಗಿ ಜೀವವನ್ನೇ ಅಂಗೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದಳು. ಅಕ್ಕ ಆ ರಾತ್ರಿ ಉಣ್ಣಲಿಲ್ಲ.

ಮುಂದಿನ ವಾರ ಅವಳು ಮಾಡಿದ ಕೆಲಸ ಅವಳ ಆಫೀಸಿನವರಿಗೆ ವಿಚಿತ್ರವಾಗಿ ಕಂಡಿತು. ಹಾಸಿಗೆ, ಪಾತ್ರೆ ಕಟ್ಟಿಕೊಂಡು ಹೋಗಿ ತಂಗಿ ಖಾಲಿ ಮಾಡಿದ್ದ ಬೀದಿಯ ಮನೆಯಲ್ಲೇ ಇಳಿದಳು. ಬೀದಿ ಅವಳನ್ನು ಅಪ್ಪಿಕೊಂಡಿತು. ಮೊದಲ ದಿನ ಹಿತವಾಗಿತ್ತು. ಜ್ವರ ಬಂದ ದಿನ ಕೇಳದೆಯೇ ಗಂಜಿ ಬಂತು, ಮಾತ್ರೆ ಬಂತು. ಅಮ್ಮ ಬಿದ್ದ ಮಧ್ಯಾಹ್ನ ಇಂಥದ್ದೊಂದು ಬೀದಿ ಇದ್ದಿದ್ದರೆ ಎಂದು ಅವಳ ಕಣ್ಣು ತುಂಬಿ ಬಂತು. ಆದರೆ ದಿನ ಕಳೆದಂತೆ, ಹೊರಗೆ ಹೋಗುವ ಮುನ್ನ ತಾನು ಕನ್ನಡಿಯೆದುರು ನಿಂತು ಮುಖವನ್ನು ಸಿದ್ಧಮಾಡಿಕೊಳ್ಳುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂತು. ಆಫೀಸಿನಲ್ಲಿ ಯಾರೊಡನೆಯೋ ಮಾತು ಬೆಳೆದು ಬೇಸರದಿಂದ ಮರಳಿದ ಸಂಜೆ, ಬೀದಿಯ ಬಾಯಲ್ಲಿ ನಿಂತು, ಬೆಂಚುಗಳ ಸಾಲನ್ನು ನೋಡಿ, ತಾನೇ ಬರೆದ ಬೀದಿಯೊಳಗೆ ಕಾಲಿಡಲಾರದೆ ಕಾರಿಗೆ ಮರಳಿ ಕತ್ತಲಾಗುವವರೆಗೆ ಕೂತಳು. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಎಲ್ಲರಿಗೂ ಗೊತ್ತು. ಅವಳು ಅದನ್ನು ಅಳತೆಗೋಲಿಗೆ ತಂದಿರಲಿಲ್ಲ, ಅಷ್ಟೇ.

ಅವಳು ತಾನಾಗಿಯೇ ಮೀಟಿಂಗ್ ಮಾವನ ಬಳಿ ಹೋಗಿ ಒಂದು ಸಭೆ ಸೇರಿಸುವಂತೆ ಕೇಳಿದಳು. ಆತನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಭಾನುವಾರ ಬೆಳಿಗ್ಗೆ ಮರದ ಕೆಳಗೆ ಬೀದಿಯೆಲ್ಲ ಸೇರಿತು. ಅಕ್ಕ ಸುತ್ತಿಬಳಸದೆ ಹೇಳಿದಳು: ಹಿಂದಿನ ಚರಂಡಿ ಓಣಿಗೆ ಕಲ್ಲು ಹಾಸಿಸಿ, ಗೇಟು ತೆಗೆಸಿ, ಬೇಕಾದವರ ಮನೆಗೆ ಹಿಂದೊಂದು ಬಾಗಿಲು ಇಡಿಸೋಣ.

“ಯಾತಕ್ಕೆ?” ಎಂದ ಮೀಟಿಂಗ್ ಮಾವ.

“ಯಾರಿಗಾದ್ರೂ ಒಂದೊಂದು ದಿನ ಯಾರನ್ನೂ ಮಾತಾಡಿಸದೆ ಮನೆಗೆ ಹೋಗ್ಬೇಕು ಅನ್ಸಿದ್ರೆ.”

ಜನ ಮುಖ ಮುಖ ನೋಡಿಕೊಂಡರು. ಅಕ್ಕ ತಮ್ಮ ಕೆನ್ನೆಗೆ ಹೊಡೆದಳೇನೋ ಎಂಬಂತಿತ್ತು ಅವರ ನೋಟ.

“ಅಂದ್ರೆ ನಮ್ಮಿಂದ ತಪ್ಪಿಸ್ಕೊಳ್ಳೋಕೆ ದಾರಿನಾ?” ದರ್ಜಿಯ ದನಿ ಒಡೆದಿತ್ತು. “ನಾವು ಅಂಥದ್ದೇನು ಮಾಡಿದ್ವಿ ಮೇಡಂ? ನಿಮ್ಮ ತಂಗೀನ ನಮ್ಮ ತಂಗಿ ಥರ ನೋಡ್ಕೊಂಡ್ವಿ.”

“ಹೌದು,” ಎಂದಳು ಅಕ್ಕ. “ಅವಳು ಅವತ್ತು ಬಚ್ಚಲುಮನೇಲಿ ಚಿಲಕ ಹಾಕ್ಕೊಂಡು ಕೂತಿದ್ದು ನಾಚಿಕೆಯಿಂದ ಅಲ್ಲ. ಹೆದರಿ.”

ಮೀಟಿಂಗ್ ಮಾವ ಕನ್ನಡಕ ತೆಗೆದು ಒರೆಸತೊಡಗಿದ. “ಬಾಗಿಲು ಹೆಚ್ಚಾದ್ರೆ ಕಳ್ಳರು ಬರ್ತಾರೆ,” ಎಂದ ಕೊನೆಗೆ. “ಇದು ಆಗೋ ಮಾತಲ್ಲ. ಕೈ ಎತ್ತಿ. ಬೇಡ ಅನ್ನೋರು?”

ಬಹಳ ಕೈಗಳು ಎದ್ದವು. ಆಗ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿತು.

“ನನಗೊಂದು ಹಿಂಬಾಗಿಲು ಬೇಕು.”

ಕೆಲವರು ನಕ್ಕರು. ಬೀದಿಯ ಆಗುಹೋಗನ್ನೆಲ್ಲ ಬಾಯಿಪಾಠ ಮಾಡಿಕೊಂಡವಳು, ಮುಂಬಾಗಿಲು ಬಿಟ್ಟು ಕದಲದವಳು.

“ನಾನು ದಿನಾ ಹೊರಗೆ ಯಾಕೆ ಕೂತಿರ್ತೀನಿ ಅಂದ್ಕೊಂಡಿದ್ದೀರಿ?” ಎಂದಳು ದೊಡ್ಡಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. “ನಮ್ಮನೆಯವರು ಓದ್ತಿರ್ತಾರೆ, ಜನ ಅಂದ್ರೆ ಆಗಲ್ಲ ಅಂತ ನಿಮಗೆಲ್ಲ ಹೇಳಿದೀನಲ್ಲ. ಅವರಿಗೆ ಅಕ್ಷರವೇ ಮರೆತು ಹೋಗಿದೆ. ನಾನೂ ಮರೆತು ಹೋಗಿದೀನಿ. ‘ಯಾರು ನೀನು, ನನ್ನ ಮನೇಲಿ ಏನು ಕೆಲಸ, ಆಚೆ ಹೋಗು’ ಅಂತಾರೆ. ಅದಕ್ಕೆ ಆಚೆ ಬಂದು ಕೂರ್ತೀನಿ. ನಿಮ್ಮಲ್ಲಿ ಯಾರಾದ್ರೂ ಒಳಗೆ ಕಾಲಿಟ್ಟೀರಿ ಅಂತ ಬಾಗಿಲಲ್ಲೇ ಹಿಡಿದು ನಿಲ್ಲಿಸಿ, ನಿಮ್ಮ ಮನೆ ವಿಷಯ ನಾನೇ ಕೇಳ್ತೀನಿ. ನಾನು ಕೇಳ್ತಾ ಇದ್ರೆ ನೀವು ಕೇಳಲ್ಲ.”

ಒಗ್ಗರಣೆ ಸೀದರೆ ತಿಳಿಯುವ ಬೀದಿ ಅದು. ಇದು ಒಬ್ಬರಿಗೂ ತಿಳಿದಿರಲಿಲ್ಲ. ಪಕ್ಕದ ಮನೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಇಲ್ಲಿ ಉಸಿರು ಕಟ್ಟಿದವಳು ತಂಗಿಯೊಬ್ಬಳೇ ಎಂದು ಅಕ್ಕ ತಿಳಿದಿದ್ದಳು.

“ಹೇಳಿದ್ರೆ ನಾವೆಲ್ಲ ಇರ್ತಿರಲಿಲ್ವಾ ದೊಡ್ಡಮ್ಮ?” ಎಂದ ದರ್ಜಿ.

“ಇರ್ತಿದ್ರಿ ಕಣಪ್ಪ. ಎಲ್ಲರೂ ಇರ್ತಿದ್ರಿ. ಅವರು ಈ ಬೀದೀಲಿ ಎದೆ ಸೆಟೆದು ನಡೆದ ಮನುಷ್ಯ. ಪಂಚೆ ಸರಿ ಇಲ್ಲದೆ, ಅಳ್ತಾ ಅಳ್ತಾ ನಿಮ್ಮೆಲ್ಲರ ಮುಂದೆ ಡಾಕ್ಟರ ಹತ್ರ ಹೋಗೋದು ನನಗೆ ಬೇಡ. ಅದಕ್ಕೇ ಕರ್ಕೊಂಡೇ ಹೋಗಿಲ್ಲ.”

ಮೀಟಿಂಗ್ ಮಾವ ಮತ್ತೆ ಕೈ ಎತ್ತಿ ಎನ್ನಲಿಲ್ಲ. ಆತನ ಬದುಕಿನಲ್ಲಿ ನಿರ್ಣಯವಿಲ್ಲದೆ ಮುಗಿದ ಸಭೆ ಬಹುಶಃ ಅದೊಂದೇ. ಜನ ಒಬ್ಬೊಬ್ಬರಾಗಿ, ದೊಡ್ಡಮ್ಮನ ಕಡೆ ನೋಡದಿರಲು ಕಷ್ಟಪಡುತ್ತ ಎದ್ದು ಹೋದರು.

ಓಣಿಯ ಕೆಲಸ ಶುರುವಾದಾಗ ಯಾರೂ ಅಡ್ಡ ಬರಲಿಲ್ಲ. ಕೆಸರು ತೆಗೆಸಿ, ಪೈಪಿನ ಮೇಲೆ ಕಲ್ಲು ಹಾಸಿಸಿ, ಸಣ್ಣ ದೀಪಗಳನ್ನು ಹಾಕಿಸಿದರು. ಅಕ್ಕ ಅಲ್ಲಿ ಬೆಂಚು ಇಡಿಸಲಿಲ್ಲ. ಒಂದು ತುದಿ ಬೀದಿಯ ಮೊದಲಿಗೆ, ಇನ್ನೊಂದು ತುದಿ ಹಿಂದಿನ ಹಳೆಯ ಪೇಟೆಗೆ ಅದು ತೆರೆಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಹಿತ್ತಲ ಓಣಿ ಮದ್ದಾಗುತ್ತಾ ನೋಡೋಣ ಎಂದು ದರ್ಜಿ ಕುಹಕವಾಡಿದ. ಆದರೆ ತನ್ನ ಅಂಗಡಿಯ ಹಿಂದೆಯೂ ಒಂದು ಬಾಗಿಲು ಇಡಿಸಿಕೊಂಡ.

ಒಂದು ಬೆಳಿಗ್ಗೆ ಅಕ್ಕ ಓಣಿಯ ತಿರುವಿನಲ್ಲಿ ದೀಪದ ಕಂಬ ನೋಡುತ್ತಿದ್ದಾಗ ದೊಡ್ಡಮ್ಮ ಕಂಡಳು. ಗಂಡನ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ಆತ ಹೆಜ್ಜೆಗೊಮ್ಮೆ ನಿಂತು ಗೋಡೆಯನ್ನು ಮುಟ್ಟುತ್ತಿದ್ದ, ಏನೋ ಕೇಳುತ್ತಿದ್ದ. ಅವಳು ಅವಸರವಿಲ್ಲದೆ ಉತ್ತರ ಕೊಡುತ್ತಿದ್ದಳು. ಅಕ್ಕ ಕಂಬದ ಕಡೆಗೇ ಮುಖ ಮಾಡಿ ನಿಂತಳು. ಅವರು ಹಾದು ಹೋದ ಮೇಲೂ ತಿರುಗಿ ನೋಡಲಿಲ್ಲ.

ತಂಗಿ ಆ ಬೀದಿಗೆ ಮರಳಲಿಲ್ಲ. ಆದರೆ ಹೆದ್ದಾರಿಯ ಮನೆಯನ್ನೂ ಬಿಟ್ಟಳು. ಹಳೆಯ ಪೇಟೆಯಲ್ಲಿ, ಗಡಿಯಾರ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದಳು. ಮನಸ್ಸಾದ ದಿನ ಓಣಿ ಹಿಡಿದು ದೊಡ್ಡಮ್ಮನ ಹಿಂಬಾಗಿಲಿಗೆ ಬರುತ್ತಾಳೆ, ಆಕೆ ಪೇಟೆಗೆ ಹೋಗಿ ಬರುವವರೆಗೆ ಆಕೆಯ ಗಂಡನ ಜೊತೆ ಕೂತಿರುತ್ತಾಳೆ. ಅವರು ಅವಳನ್ನೂ ಯಾರು ನೀನು ಎಂದು ಕೇಳುತ್ತಾರಂತೆ. ಪ್ರತಿ ಸಲವೂ ಅವಳು ಹೊಸದೊಂದು ಹೆಸರು ಹೇಳುತ್ತಾಳಂತೆ. ಮೀಟಿಂಗ್ ಮಾವ ಒಮ್ಮೆ ಅವಳಿಗೆ ಎದುರಾದಾಗ, ತಪ್ಪಾಯಿತು ಎನ್ನಲೂ ಆಗದೆ, ಸುಮ್ಮನಿರಲೂ ಆಗದೆ, ಕೈಯಲ್ಲಿದ್ದ ತರಕಾರಿ ಚೀಲವನ್ನೇ ಅವಳ ಕೈಗೆ ಕೊಟ್ಟು ಹೋಗಿಬಿಟ್ಟನಂತೆ. ಅದರಲ್ಲಿ ಬರೀ ಹಾಗಲಕಾಯಿ.

ಅಕ್ಕ ಈಗಲೂ ಬೀದಿಗಳನ್ನೇ ಬರೆಯುತ್ತಾಳೆ. ಮೊನ್ನೆ ಒಂದು ಸಂಜೆ ಕೆಲಸ ಬೇಗ ಮುಗಿಯಿತೆಂದು ತಂಗಿಗೆ ಫೋನ್ ಮಾಡಿ, “ಬರ್ಲಾ?” ಎಂದು ಕೇಳಿದಳು. ಮೊದಲೆಲ್ಲ ಕೇಳುವ ಅಭ್ಯಾಸವಿರಲಿಲ್ಲ, ಹೋಗಿಬಿಡುತ್ತಿದ್ದಳು.

“ಇವತ್ತು ಬೇಡ ಅಕ್ಕ,” ಎಂದಳು ತಂಗಿ, ಕಾರಣ ಹೇಳದೆ. “ನಾಳೆ ಬಾ.”

ಅಕ್ಕ ಸರಿ ಎಂದು ಫೋನ್ ಇಟ್ಟಳು. ಆ ಎರಡು ಮಾತು ಎಷ್ಟು ಚುಚ್ಚಿತೆಂದರೆ ಅವಳಿಗೇ ಬೆರಗಾಯಿತು. ಆಮೇಲೆ ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು.